ಪಿತ್ತದ ಕಲ್ಲಿನಿಂದ ಅಕ್ಕಿಯ ಬೂಷ್ಟಿನವರೆಗೆ

ಹೋದ ವರ್ಷ ಯುಗಾದಿಯಂದು ನಮ್ಮ ಸಂಘದ ಸಭಾಗೃಹದಲ್ಲಿ ಊಟಕ್ಕೆ ಕುಳಿತಿದ್ದಾಗ ಒಂದು ಸಣ್ಣ ಸಂಗತಿ ನಡೆಯಿತು. ಹೋಳಿಗೆಯ ಮೇಲೆ ತುಪ್ಪ ಬಡಿಸಲು ಬಂದ ಹುಡುಗನಿಗೆ ನಮ್ಮ ಪಂಕ್ತಿಯ ಏಳು ಮಂದಿ ಒಬ್ಬರಾದ ಮೇಲೊಬ್ಬರು ಎಲೆಯ ಮೇಲೆ ಕೈ ಅಡ್ಡ ಹಿಡಿದರು. ಎಲ್ಲರ ಬಾಯಲ್ಲೂ ಒಂದೇ ಮಾತು: "ಬೇಡಪ್ಪ, ಕೊಲೆಸ್ಟರಾಲು." ಎಂಟನೆಯವರಾದ ನಾವೂ ಕೈ ಅಡ್ಡ ಹಿಡಿದೆವು. ಹುಡುಗ ತುಪ್ಪದ ಪಾತ್ರೆಯನ್ನು ತಂದಂತೆಯೇ ವಾಪಸು ಒಯ್ದ. ಆದರೆ ಎರಡನೆಯ ಹೋಳಿಗೆಯನ್ನಾಗಲಿ, ಅದರ ಬೆನ್ನಿಗೇ ಬಂದ ಬೋಂಡವನ್ನಾಗಲಿ ಯಾರೂ ಬೇಡವೆನ್ನಲಿಲ್ಲ ಎಂಬುದನ್ನೂ ಇಲ್ಲಿಯೇ ಹೇಳಿಬಿಡುವುದು ಒಳ್ಳೆಯದು.

ನಲವತ್ತು ದಾಟಿದವರ ನಡುವೆ ಈ ಶಬ್ದ ಈಗ ಮಳೆ-ಬಿಸಿಲಿನಷ್ಟು ಸಾಮಾನ್ಯವಾಗಿದೆ. ಲೋಕಲ್ ಗಾಡಿಯಲ್ಲಿ ಬಾಗಿಲ ಬಳಿ ನೇತಾಡುವವರೂ ತಮ್ಮ ತಮ್ಮ ಅಂಕಿ ಹೇಳಿಕೊಳ್ಳುತ್ತಾರೆ. ನಾವು ಬಿ.ಎಸ್ಸಿ.ಯಲ್ಲಿ ರಸಾಯನಶಾಸ್ತ್ರ ಓದಿದವರು. ಪರೀಕ್ಷೆಯಲ್ಲಿ ಕೊಲೆಸ್ಟರಾಲಿನ ನಾಲ್ಕು ಉಂಗುರಗಳ ಚಿತ್ರ ಬರೆದು ಅಂಕ ಗಿಟ್ಟಿಸಿದವರು. ಆದರೂ ಆ ವಸ್ತುವಿಗೂ ಎದೆಯ ನೋವಿಗೂ ಏನು ಸಂಬಂಧ, ಅದನ್ನು ಯಾರು ಕಂಡುಹಿಡಿದರು, ಹೇಗೆ ಸಾಧಿಸಿದರು ಎಂದು ಒಮ್ಮೆಯಾದರೂ ಕೇಳಿಕೊಂಡವರಲ್ಲ. ಕೇಳಿಕೊಳ್ಳುವಂತೆ ಮಾಡಿದ್ದು ನಮ್ಮದೇ ರಕ್ತಪರೀಕ್ಷೆಯ ಕಾಗದ.

ಅದರಲ್ಲಿ ಒಟ್ಟು ಕೊಲೆಸ್ಟರಾಲ್ 268 ಎಂದೂ, ಕೆಟ್ಟದ್ದೆಂದು ಕರೆಸಿಕೊಳ್ಳುವ ಎಲ್.ಡಿ.ಎಲ್. 186 ಎಂದೂ ಇತ್ತು. ಔಷಧಾಲಯದ ವೈದ್ಯೆ ಕಾಗದ ನೋಡಿ ಮೊದಲು ಕೇಳಿದ್ದು ನಮ್ಮ ಊಟದ ವಿಚಾರವನ್ನಲ್ಲ, ನಮ್ಮ ತಂದೆಯವರ ವಿಚಾರವನ್ನು. ಕುಮಟಾ ತಾಲೂಕಿನ ಒಂದು ಹಳ್ಳಿಯಲ್ಲಿ ಶಾಲಾ ಮಾಸ್ತರರಾಗಿದ್ದ ಅವರು 1997ರಲ್ಲಿ, ಐವತ್ತೆರಡನೆಯ ವಯಸ್ಸಿನಲ್ಲಿ, ಎದೆನೋವೆಂದು ಮಲಗಿದವರು ಏಳಲಿಲ್ಲ. ಬೀಡಿ ಮುಟ್ಟಿದವರಲ್ಲ, ದಿನಕ್ಕೆ ಆರು ಮೈಲಿ ನಡೆದು ಶಾಲೆಗೆ ಹೋಗಿ ಬರುತ್ತಿದ್ದವರು. ಅಂಥವರಿಗೆ ಹೀಗಾಯಿತಲ್ಲ ಎಂದು ಊರು ಮರುಗಿತು, ಅಷ್ಟೇ. ವೈದ್ಯೆ ಪಥ್ಯ ಹೇಳಿದರು. ಮೂರು ತಿಂಗಳು ನಾವು ತುಪ್ಪ, ಬೆಣ್ಣೆ, ಕರಿದದ್ದು ಎಲ್ಲ ಬಿಟ್ಟೆವು. 186 ಇದ್ದದ್ದು 165ಕ್ಕೆ ಬಂದು ನಿಂತಿತು. ಆಗ ಅವರು ರಾತ್ರಿ ನುಂಗುವ ಒಂದು ಮಾತ್ರೆ ಬರೆದುಕೊಟ್ಟರು. ಆರು ವಾರ ನುಂಗಿದೆವು. ಅಷ್ಟರಲ್ಲಿ ಗಾಡಿಯ ಸಹಪ್ರಯಾಣಿಕರೊಬ್ಬರು, "ಅದೆಲ್ಲ ಕಂಪನಿಗಳ ಆಟ, ನಿಮ್ಮ ಲಿವರು ಹೋಗುತ್ತದೆ ನೋಡಿ" ಎಂದರು. ಯಾರಿಗೂ ಹೇಳದೆ ಮಾತ್ರೆ ಬಿಟ್ಟೆವು. ಪಥ್ಯದಿಂದ ಆಗಬೇಕಾದದ್ದು ಆಗಲಿಲ್ಲವೆಂದರೆ ಅದು ನಮ್ಮ ನಾಲಿಗೆಯ ದೋಷ ಎಂಬ ಒಂದು ಬಗೆಯ ಲಜ್ಜೆಯೂ ಅದರಲ್ಲಿ ಸೇರಿತ್ತು. ಆ ಬಳಿಕ ಕೆಲವು ತಿಂಗಳು ಕಚೇರಿ ಮುಗಿಸಿ ಗ್ರಂಥಾಲಯದಲ್ಲಿ ಕುಳಿತು ಓದಿ ತಿಳಿದ ಸಂಗತಿಗಳೇ ಮುಂದಿನವು.

ಈ ವಸ್ತು ಮನುಷ್ಯನ ಕಣ್ಣಿಗೆ ಮೊದಲು ಬಿದ್ದದ್ದು ಹೃದಯದಲ್ಲೂ ಅಲ್ಲ, ರಕ್ತದಲ್ಲೂ ಅಲ್ಲ, ಪಿತ್ತಕೋಶದ ಕಲ್ಲುಗಳಲ್ಲಿ. 18ನೆಯ ಶತಮಾನದಲ್ಲಿ ಪುಲೆತಿಯೆ ದ ಲ ಸಾಲ್ ಎಂಬ ಫ್ರೆಂಚ್ ವಿದ್ವಾಂಸ ಅಂಥ ಕಲ್ಲುಗಳನ್ನು ಕರಗಿಸಿ ಬಿಳಿಯ ಹೊಳೆಯುವ ಹರಳುಗಳನ್ನು ಬೇರ್ಪಡಿಸಿದ. ಅವುಗಳನ್ನು ಸರಿಯಾಗಿ ಪರಿಶೀಲಿಸಿದವನು ಪ್ಯಾರಿಸಿನ ಮಿಶೆಲ್ ಷೆವ್ರಲ್. ಕೊಬ್ಬು ಮತ್ತು ಸಾಬೂನುಗಳ ರಸಾಯನವನ್ನು ಬಿಡಿಸಿ ಹೇಳಿದ ಈ ಮಹಾಶಯ 1815ರಲ್ಲಿ, ಈ ಹರಳುಗಳು ನೋಡಲು ಕೊಬ್ಬಿನಂತಿದ್ದರೂ ಕ್ಷಾರದೊಡನೆ ಕುದಿಸಿದರೆ ಸಾಬೂನಾಗುವುದಿಲ್ಲವೆಂದು ತೋರಿಸಿದ. ಗ್ರೀಕಿನಲ್ಲಿ 'ಖೋಲೆ' ಎಂದರೆ ಪಿತ್ತ, 'ಸ್ಟೀರಿಯೋಸ್' ಎಂದರೆ ಗಟ್ಟಿಯಾದದ್ದು. ಎರಡನ್ನೂ ಕೂಡಿಸಿ 'ಕೊಲೆಸ್ಟರೀನ್' ಎಂದು ಹೆಸರಿಟ್ಟ. ಗಟ್ಟಿಪಿತ್ತ ಎಂದೇ ಕನ್ನಡದಲ್ಲಿ ಹೇಳಬಹುದು. ಅದು ಆಲ್ಕೊಹಾಲ್ ವರ್ಗಕ್ಕೆ ಸೇರಿದ್ದೆಂದು 1859ರಲ್ಲಿ ಬರ್ತೆಲೊ ತೋರಿಸಿದ ಮೇಲೆ ಹೆಸರಿನ ಬಾಲ ಬದಲಾಗಿ ಕೊಲೆಸ್ಟರಾಲ್ ಆಯಿತು. ಷೆವ್ರಲ್ ನೂರೆರಡು ವರ್ಷ ಬದುಕಿದ. ಅವನ ರಕ್ತದಲ್ಲಿ ಈ ವಸ್ತು ಎಷ್ಟಿತ್ತೆಂದು ಅಳೆಯುವವರು ಆಗ ಯಾರೂ ಇರಲಿಲ್ಲ.

ನಡುವೆ ಒಂದು ಉಪಕಥೆ ಬಿಡಲಾಗದು. 1888ರಲ್ಲಿ ಪ್ರಾಗ್ ನಗರದಲ್ಲಿದ್ದ ಫ್ರೀಡ್ರಿಖ್ ರೈನಿಟ್ಜರ್ ಎಂಬ ಸಸ್ಯವಿಜ್ಞಾನಿ ಕೊಲೆಸ್ಟರಾಲಿನ ಒಂದು ಸಂಯುಕ್ತವನ್ನು ಕಾಯಿಸುತ್ತಿದ್ದಾಗ ಅದು ಎರಡು ಬಾರಿ ಕರಗಿದಂತೆ ಕಂಡಿತು: ಮೊದಲು ಮಬ್ಬಾದ ದ್ರವ, ಇನ್ನಷ್ಟು ಕಾಯಿಸಿದ ಮೇಲೆ ತಿಳಿಯಾದ ದ್ರವ. ದ್ರವಸ್ಫಟಿಕಗಳ ಶೋಧಕ್ಕೆ ಅದೇ ಆರಂಭ. ನಮ್ಮ ಮನೆಗಳ ಚಪ್ಪಟೆ ಟಿ.ವಿ. ಪರದೆಯ ಮೂಲಪುರುಷನೂ ಕೊಲೆಸ್ಟರಾಲೇ ಎಂದರೆ ಅತಿಶಯೋಕ್ತಿಯೇನಲ್ಲ. ಅದರೆದುರು ಸಂಜೆಯೆಲ್ಲ ಕುಳಿತು ಚಿಪ್ಸ್ ತಿನ್ನುವವರು ಇದನ್ನು ನೆನೆಯಬಹುದು.

ಹರಳಿನಿಂದ ಹೃದಯಕ್ಕೆ ಬರುವ ದಾರಿ ಜರ್ಮನಿ ಮತ್ತು ರಷ್ಯಗಳ ಮೂಲಕ ಸಾಗಿತು. 1910ರಲ್ಲಿ ಜರ್ಮನಿಯ ಅಡಾಲ್ಫ್ ವಿಂಡೌಸ್, ರೋಗಗೊಂಡು ಗಡುಸಾದ ಮಹಾಧಮನಿಗಳ ಗಂಟುಗಳಲ್ಲಿ ಆರೋಗ್ಯವಂತ ಧಮನಿಗಿಂತ ಇಪ್ಪತ್ತು ಪಟ್ಟಿಗೂ ಮಿಕ್ಕಿ ಕೊಲೆಸ್ಟರಾಲ್ ತುಂಬಿರುವುದನ್ನು ಕಂಡ. ರಷ್ಯದಲ್ಲಿ ಅದಕ್ಕೂ ಮೊದಲೇ ಇಗ್ನಾಟೋವ್‌ಸ್ಕಿ ಎಂಬವನು ಮೊಲಗಳಿಗೆ ಮಾಂಸ, ಹಾಲು, ಮೊಟ್ಟೆ ತಿನ್ನಿಸಿ ಅವುಗಳ ರಕ್ತನಾಳ ಕೆಡುವುದನ್ನು ನೋಡಿದ್ದ. ಆದರೆ ತಪ್ಪು ಮಾಂಸದ ಪ್ರೋಟೀನಿನದೆಂದು ಭಾವಿಸಿದ್ದ. 1913ರಲ್ಲಿ ಸೇಂಟ್ ಪೀಟರ್ಸ್‌ಬರ್ಗಿನ ಯುವ ವೈದ್ಯ ನಿಕೊಲಾಯ್ ಅನಿಚ್ಕೋವ್ ತನ್ನ ಜೊತೆಗಾರ ಖಲಟೋವನೊಡನೆ ಅನುಮಾನಕ್ಕೆ ಎಡೆಯಿಲ್ಲದ ಪ್ರಯೋಗ ಮಾಡಿದ. ಶುದ್ಧ ಕೊಲೆಸ್ಟರಾಲನ್ನು ಸೂರ್ಯಕಾಂತಿ ಎಣ್ಣೆಯಲ್ಲಿ ಕರಗಿಸಿ ಕೆಲವು ಮೊಲಗಳಿಗೆ ಕೊಟ್ಟ. ಬರಿಯ ಎಣ್ಣೆಯನ್ನು ಬೇರೆ ಮೊಲಗಳಿಗೆ ಕೊಟ್ಟ. ಮೊದಲನೆಯವುಗಳ ಧಮನಿಗಳಲ್ಲಿ ಮನುಷ್ಯರಲ್ಲಿ ಕಾಣುವಂಥದೇ ಹಳದಿ ಗಂಟುಗಳು ಎದ್ದವು, ಎರಡನೆಯವುಗಳಲ್ಲಿ ಏಳಲಿಲ್ಲ.

ಇಷ್ಟು ಸ್ಪಷ್ಟವಾದ ಸಂಗತಿಯನ್ನು ಜಗತ್ತು ಏಕೆ ನಾಲ್ಕು ದಶಕ ಬದಿಗಿಟ್ಟಿತು? ಬೇರೆಯವರು ಇದೇ ಪ್ರಯೋಗವನ್ನು ಇಲಿಗಳ ಮೇಲೆ, ನಾಯಿಗಳ ಮೇಲೆ ಮಾಡಿ ನೋಡಿದರು. ಅವುಗಳಿಗೆ ಏನೂ ಆಗಲಿಲ್ಲ. ಇಲಿ-ನಾಯಿಗಳ ಯಕೃತ್ತು ಹೆಚ್ಚುವರಿ ಕೊಲೆಸ್ಟರಾಲನ್ನು ಸರಾಗವಾಗಿ ಪಿತ್ತಾಮ್ಲಗಳಾಗಿ ಮಾರ್ಪಡಿಸಿ ಹೊರಹಾಕಬಲ್ಲುದು; ಹುಲ್ಲು ತಿನ್ನುವ ಮೊಲಕ್ಕೆ ಆ ಸಾಮರ್ಥ್ಯವಿಲ್ಲ. ಮೊಲದ ರೋಗ ಮೊಲಕ್ಕೇ ಎಂದು ಪಂಡಿತರು ಕೈತೊಳೆದುಕೊಂಡರು. ಧಮನಿ ಗಡುಸಾಗುವುದು ಮುಪ್ಪಿನ ಲಕ್ಷಣ, ಕೂದಲು ನೆರೆದಂತೆ, ಅದಕ್ಕೆ ಮದ್ದಿಲ್ಲ ಎಂಬುದೇ ವೈದ್ಯರ ಸಾಮಾನ್ಯ ನಂಬಿಕೆಯಾಗಿತ್ತು. ನಮ್ಮ ಊರವರು ತಂದೆಯವರ ವಿಷಯದಲ್ಲಿ ಹಣೆಬರಹ ಎಂದದ್ದಕ್ಕೂ ಇದಕ್ಕೂ ದೊಡ್ಡ ಅಂತರವೇನಿಲ್ಲ.

ಈ ನಂಬಿಕೆ ಸಡಿಲಿದ್ದು ಎರಡನೆಯ ಮಹಾಯುದ್ಧದ ಬಳಿಕ. ಅಮೆರಿಕದಲ್ಲಿ ಐವತ್ತರ ಆಸುಪಾಸಿನ ಗಂಡಸರು ಹೃದಯಾಘಾತದಿಂದ ಸಾಯುವುದು ಸಾಮಾನ್ಯವಾಗಿತ್ತು. 1948ರಲ್ಲಿ ಮ್ಯಾಸಚೂಸೆಟ್ಸ್ ರಾಜ್ಯದ ಫ್ರೇಮಿಂಗ್‌ಹ್ಯಾಮ್ ಎಂಬ ಸಣ್ಣ ಊರಿನಲ್ಲಿ 5209 ಜನರ ರಕ್ತದೊತ್ತಡ, ಕೊಲೆಸ್ಟರಾಲ್, ಸಿಗರೇಟಿನ ಅಭ್ಯಾಸ ಎಲ್ಲವನ್ನೂ ಬರೆದಿಟ್ಟುಕೊಂಡು, ಯಾರಿಗೆ ರೋಗ ಬರುತ್ತದೆಂದು ವರ್ಷಗಟ್ಟಲೆ ಕಾದು ನೋಡುವ ಕೆಲಸ ಆರಂಭವಾಯಿತು. ಗುಮಾಸ್ತಿಕೆ ಮಾಡುವ ನಮಗೆ ಇದು ಬಹಳ ಹಿಡಿಸಿತು. ಸೂಕ್ಷ್ಮದರ್ಶಕವಲ್ಲ, ಶಸ್ತ್ರಚಿಕಿತ್ಸೆಯಲ್ಲ, ಕಡತ ತೆರೆಯುವುದು, ಎರಡು ವರ್ಷಕ್ಕೊಮ್ಮೆ ನಮೂದಿಸುವುದು, ತಾಳ್ಮೆಯಿಂದ ಕಾಯುವುದು. 1961ರಲ್ಲಿ ಆ ಕಡತಗಳು ಬಾಯಿಬಿಟ್ಟವು. ಕೊಲೆಸ್ಟರಾಲ್ ಏರಿದವರು, ರಕ್ತದೊತ್ತಡ ಏರಿದವರು ಹೆಚ್ಚಾಗಿ ಹೃದ್ರೋಗಕ್ಕೆ ತುತ್ತಾಗುತ್ತಾರೆಂದು ತಿಳಿಯಿತು. ಅಪಾಯದ ಅಂಶ ಎಂದು ಇಂದು ಎಲ್ಲರೂ ಹೇಳುವ ಮಾತು ವೈದ್ಯರ ನಡುವೆ ರೂಢಿಗೆ ಬಂದದ್ದೇ ಆಗ. ಇದಕ್ಕೂ ಮುನ್ನವೇ ಕ್ಯಾಲಿಫೋರ್ನಿಯದ ಜಾನ್ ಗಾಫ್‌ಮನ್ ಅತಿವೇಗದ ತಿರುಗಣೆ ಯಂತ್ರದಲ್ಲಿ ರಕ್ತವನ್ನು ಸುತ್ತಿಸಿ, ಕೊಲೆಸ್ಟರಾಲ್ ಒಂಟಿಯಾಗಿ ತೇಲದೆ ಪ್ರೋಟೀನಿನ ಹೊದಿಕೆಯ ಕಣಗಳೊಳಗೆ ಕುಳಿತು ಸಂಚರಿಸುತ್ತದೆ, ಅಂಥ ಕಣಗಳಲ್ಲಿ ಹಲವು ಜಾತಿಗಳಿವೆ ಎಂದು ತೋರಿಸಿದ್ದ. ನಮ್ಮ ಕಾಗದದ ಎಲ್.ಡಿ.ಎಲ್. ಅವುಗಳಲ್ಲೊಂದು.

ಊಟದ ಎಲೆಯ ಕಡೆಗೆ ಬೆರಳು ತೋರಿದವರಲ್ಲಿ ಮುಖ್ಯನೆಂದರೆ ಅಮೆರಿಕದ ಆನ್ಸೆಲ್ ಕೀಸ್. 1958ರಲ್ಲಿ ಆತ ಏಳು ದೇಶಗಳ ಹನ್ನೆರಡು ಸಾವಿರಕ್ಕೂ ಹೆಚ್ಚು ಗಂಡಸರ ಅಧ್ಯಯನಕ್ಕೆ ತೊಡಗಿದ. ಬೆಣ್ಣೆ-ಹಾಲು-ಮಾಂಸಗಳಲ್ಲಿ ಮುಳುಗಿದ್ದ ಪೂರ್ವ ಫಿನ್‌ಲೆಂಡಿನಲ್ಲಿ ಹೃದ್ರೋಗ ಅತಿ ಹೆಚ್ಚು, ಜಪಾನಿನಲ್ಲೂ ಗ್ರೀಸಿನ ಕ್ರೀಟ್ ದ್ವೀಪದಲ್ಲೂ ಅತಿ ಕಡಿಮೆ ಎಂದು ಕಂಡುಬಂತು. ಆತ ದೇಶಗಳನ್ನು ಆಯ್ದ ಬಗೆಯ ಮೇಲೆ ಆಕ್ಷೇಪಗಳು ಬಂದವು, ಇಂದಿಗೂ ಬರುತ್ತಿವೆ. ಆದರೆ ಆತ ಹೇಳಿದ್ದರಲ್ಲಿ ಜನ ಮರೆತದ್ದು ಒಂದಿದೆ. ಆಹಾರದಲ್ಲಿರುವ ಕೊಲೆಸ್ಟರಾಲಿಗಿಂತ ಆಹಾರದಲ್ಲಿರುವ ಪರ್ಯಾಪ್ತ ಕೊಬ್ಬು, ಅಂದರೆ ತಣ್ಣಗಾದಾಗ ಹೆಪ್ಪುಗಟ್ಟುವ ಕೊಬ್ಬು, ರಕ್ತದ ಕೊಲೆಸ್ಟರಾಲನ್ನು ಹೆಚ್ಚು ಏರಿಸುತ್ತದೆಂಬುದೇ ಅದು. ಅಮೆರಿಕದ ಹೃದಯ ಸಂಸ್ಥೆ 1968ರಲ್ಲಿ ವಾರಕ್ಕೆ ಮೂರೇ ಮೊಟ್ಟೆಯ ಹಳದಿ ಎಂದು ಕಟ್ಟು ಹಾಕಿತು. ದಿನಕ್ಕೆ 300 ಮಿಲಿಗ್ರಾಂ ಕೊಲೆಸ್ಟರಾಲ್ ಎಂಬ ಮಿತಿಯನ್ನು 2015ರಲ್ಲಿ ಆ ದೇಶದ ಆಹಾರ ಸೂಚಿಯಿಂದ ತೆಗೆಯಲಾಯಿತು. ಆದರೆ ಪರ್ಯಾಪ್ತ ಕೊಬ್ಬಿನ ಮಿತಿಯನ್ನು ತೆಗೆಯಲಿಲ್ಲ. ಹಾಗಾಗಿ ಬಾಟಲಿಯ ಮೇಲೆ 'ಕೊಲೆಸ್ಟರಾಲ್ ಇಲ್ಲ' ಎಂದು ಬರೆದ ಎಣ್ಣೆಯನ್ನು ಕೊಂಡು ಸಮಾಧಾನಪಟ್ಟುಕೊಳ್ಳುವುದರಲ್ಲಿ ಅರ್ಥವಿಲ್ಲ. ಗಿಡಮರಗಳಿಂದ ಬಂದ ಯಾವ ಎಣ್ಣೆಯಲ್ಲೂ ಅದು ಹೇಳಿಕೊಳ್ಳುವಷ್ಟು ಇರುವುದೇ ಇಲ್ಲ. ಕರಾವಳಿಯವರಾದ ನಮಗೆ ಹೇಳಲು ಕಷ್ಟವಾದರೂ ಹೇಳಬೇಕು: ತೆಂಗಿನೆಣ್ಣೆಯಲ್ಲಿ ಕೊಲೆಸ್ಟರಾಲಿಲ್ಲ, ಆದರೆ ಪರ್ಯಾಪ್ತ ಕೊಬ್ಬು ತುಪ್ಪಕ್ಕಿಂತಲೂ ಹೆಚ್ಚಿದೆ.

ಇದಕ್ಕಿಂತ ಕೇಡಿನದು ನಮ್ಮ ದೇಶದಲ್ಲಿ ತುಪ್ಪದ ವೇಷ ಹಾಕಿ ಬಂದಿತ್ತು. 1937ರಲ್ಲಿ ಡಾಲ್ಡಾ ಡಬ್ಬಿಗಳು ಮಾರುಕಟ್ಟೆಗೆ ಬಂದ ಮೇಲೆ ವನಸ್ಪತಿ ಮದುವೆಮನೆಗಳ, ಮಿಠಾಯಿ ಅಂಗಡಿಗಳ ತುಪ್ಪವಾಯಿತು. ಎಣ್ಣೆಗೆ ಜಲಜನಕ ಸೇರಿಸಿ ಹೆಪ್ಪುಗಟ್ಟಿಸುವಾಗ ಹುಟ್ಟುವ ಟ್ರಾನ್ಸ್ ಕೊಬ್ಬು ಎಲ್.ಡಿ.ಎಲ್. ಅನ್ನು ಏರಿಸುವುದಲ್ಲದೆ ಒಳ್ಳೆಯದೆನಿಸಿದ ಎಚ್.ಡಿ.ಎಲ್. ಅನ್ನು ಇಳಿಸುತ್ತದೆಂದು 1990ರಲ್ಲಿ ಡಚ್ ವಿಜ್ಞಾನಿಗಳು ತೋರಿಸಿದರು. ನಮ್ಮಲ್ಲಿ ಅದನ್ನು ಶೇಕಡ 2ಕ್ಕೆ ಇಳಿಸುವ ನಿಯಮ ಪೂರ್ಣವಾಗಿ ಜಾರಿಗೆ ಬಂದದ್ದು 2022ರ ಜನವರಿಯಲ್ಲಿ.

ಭಾರತದ ಮಾತು ಬಂದ ಮೇಲೆ ಇದೇ ಮುಂಬಯಿಗೆ ಸಂಬಂಧಿಸಿದ ಒಂದು ಅಧ್ಯಯನವನ್ನು ಹೇಳಲೇಬೇಕು. ಪಶ್ಚಿಮ ರೈಲ್ವೆಯ ವೈದ್ಯಾಧಿಕಾರಿಯಾಗಿದ್ದ ಎಸ್. ಎಲ್. ಮಲ್ಹೋತ್ರಾ ಅವರು 1958ರಿಂದ 1962ರವರೆಗೆ ದೇಶದ 11 ಲಕ್ಷಕ್ಕೂ ಹೆಚ್ಚು ರೈಲ್ವೆ ನೌಕರರ ದಾಖಲೆಗಳನ್ನು ತಿರುವಿ ಹಾಕಿದರು. 1967ರಲ್ಲಿ ಬ್ರಿಟನ್ನಿನ ಹೃದ್ರೋಗ ಪತ್ರಿಕೆಯಲ್ಲಿ ಅಚ್ಚಾದ ಅವರ ಲೇಖನದ ಪ್ರಕಾರ ದಕ್ಷಿಣದ ನೌಕರರಲ್ಲಿ ಹೃದ್ರೋಗದ ಸಾವು ಉತ್ತರದವರಿಗಿಂತ ಏಳು ಪಟ್ಟು ಹೆಚ್ಚು! ಹಾಲು-ತುಪ್ಪಗಳನ್ನು ಎಷ್ಟೋ ಪಾಲು ಹೆಚ್ಚು ತಿನ್ನುವವರು ಉತ್ತರದವರು. ಸಾಯುವವರು ಅನ್ನ-ಸಾರಿನ ದಕ್ಷಿಣದವರು. ಕಾರಣವನ್ನು ಅವರು ಹಾಲಿನ ಕೊಬ್ಬಿನ ಬಗೆಯಲ್ಲಿ, ಆಹಾರದ ನಾರಿನಲ್ಲಿ ಹುಡುಕಿದರು. ಸಾವಿನ ಕಾರಣ ಬರೆಯುವುದರಲ್ಲಿ ಊರಿಂದೂರಿಗೆ ವ್ಯತ್ಯಾಸವಿರುತ್ತದೆಂಬುದು ನಿಜ. ಸರಕಾರಿ ದಾಖಲೆಗಳ ಒಳಮರ್ಮವನ್ನು ನಾವೂ ಅಷ್ಟಿಷ್ಟು ಬಲ್ಲೆವು. ಆದರೂ ಕೀಸನ ಏಳು ದೇಶಗಳಲ್ಲಿ ಭಾರತ ಇರಲಿಲ್ಲ, ಇದ್ದಿದ್ದರೆ ಅವನ ಲೆಕ್ಕ ಅಷ್ಟು ಸಲೀಸಾಗಿ ಕೂಡುತ್ತಿರಲಿಲ್ಲ ಎಂದು ಅನಿಸದಿರದು. 1996ರಲ್ಲಿ ಪ್ರಕಟವಾದ ಬೆಂಗಳೂರಿನ ಒಂದು ಅಧ್ಯಯನವೂ ಇದೇ ದಿಕ್ಕಿಗೆ ಬೆಳಕು ಚೆಲ್ಲುತ್ತದೆ. ಮೊದಲ ಹೃದಯಾಘಾತವಾದ 200 ಮಂದಿಯನ್ನು ಆಗದ 200 ಮಂದಿಯೊಡನೆ ಹೋಲಿಸಿದಾಗ ಎದ್ದು ಕಂಡದ್ದು ಸಿಗರೇಟು-ಬೀಡಿ, ರಕ್ತದೊತ್ತಡ, ರಕ್ತದ ಸಕ್ಕರೆ ಮತ್ತು ಹೊಟ್ಟೆಯ ಬೊಜ್ಜು. 52 ದೇಶಗಳನ್ನೊಳಗೊಂಡು 2004ರಲ್ಲಿ ಮುಗಿದ ದೊಡ್ಡ ಅಧ್ಯಯನ ಕೊಲೆಸ್ಟರಾಲ್ ಕಣಗಳ ಪ್ರಮಾಣವನ್ನೂ ಸಿಗರೇಟನ್ನೂ ಮೊದಲ ಸ್ಥಾನಗಳಲ್ಲಿ ನಿಲ್ಲಿಸಿತು. ಜೊತೆಗೆ ನಮ್ಮ ಭೂಭಾಗದವರಿಗೆ ಹೃದಯಾಘಾತ ಇತರರಿಗಿಂತ ಐದಾರು ವರ್ಷ ಮೊದಲೇ ಬರುತ್ತದೆಂದೂ ತಿಳಿಯಿತು.

ನಡಿಗೆಯ ಮಾತಿಗೂ ಇಂಥದೇ ಒಂದು ಚರಿತ್ರೆ ಇದೆ. 1953ರಲ್ಲಿ ಜೆರಿ ಮಾರಿಸ್ ಎಂಬ ವೈದ್ಯ ಲಂಡನ್ನಿನ ಎರಡಂತಸ್ತಿನ ಬಸ್ಸುಗಳ ಸಿಬ್ಬಂದಿಯನ್ನು ಲೆಕ್ಕ ಹಾಕಿದ. ಕುಳಿತೇ ಇರುವ ಡ್ರೈವರಿಗಿಂತ, ದಿನಕ್ಕೆ ಐನೂರಕ್ಕೂ ಹೆಚ್ಚು ಮೆಟ್ಟಿಲು ಹತ್ತಿಳಿಯುವ ಕಂಡಕ್ಟರಿಗೆ ಹೃದ್ರೋಗ ಕಡಿಮೆ. ಅಂಚೆ ಇಲಾಖೆಯಲ್ಲೂ ಅಷ್ಟೇ: ಓಣಿ ಓಣಿ ಅಲೆಯುವ ಪೋಸ್ಟ್‌ಮನ್ ಪಾರಾದ, ಮೇಜಿನ ಹಿಂದೆ ಕುಳಿತ ಗುಮಾಸ್ತ ಸಿಕ್ಕಿಬಿದ್ದ! ಇದನ್ನೋದಿದ ದಿನದಿಂದ ನಾವು ಕಚೇರಿಯ ನಾಲ್ಕನೆಯ ಮಹಡಿಗೆ ಲಿಫ್ಟಿನಲ್ಲಿ ಹೋಗುವುದನ್ನು ಬಿಟ್ಟಿದ್ದೇವೆ. ಮುಂಬಯಿಯ ಹಳೆಯ ಡೀಸೆಲ್ ಎರಡಂತಸ್ತಿನ ಬಸ್ಸುಗಳು 2023ರಲ್ಲಿ ನಿವೃತ್ತವಾದವು. ಅವುಗಳ ಕಂಡಕ್ಟರುಗಳನ್ನು ಯಾರಾದರೂ ಹೀಗೆ ಎಣಿಸಿದ್ದರೆ ಚೆನ್ನಾಗಿತ್ತು. ಆದರೆ ನಡಿಗೆ ಹೃದಯವನ್ನು ಹಲವು ದಾರಿಗಳಿಂದ ಕಾಯುತ್ತದೆಯೇ ಹೊರತು ಎಲ್.ಡಿ.ಎಲ್. ಅನ್ನು ಹೆಚ್ಚೇನೂ ಇಳಿಸುವುದಿಲ್ಲವಂತೆ. ಇದನ್ನೋದಿದಾಗ ತಂದೆಯವರ ಆರು ಮೈಲಿ ನೆನಪಾಯಿತು.

ಆ ಒಗಟಿಗೆ ಉತ್ತರ ಸಿಕ್ಕಿದ್ದು ಊಟದಲ್ಲಲ್ಲ, ಯಕೃತ್ತಿನಲ್ಲಿ. ನಮ್ಮ ಮೈಯಲ್ಲಿರುವ ಕೊಲೆಸ್ಟರಾಲಿನ ಹೆಚ್ಚಿನ ಪಾಲನ್ನು ನಮ್ಮ ದೇಹವೇ ತಯಾರಿಸುತ್ತದೆ. ಜೀವಕೋಶದ ಗೋಡೆಗೂ ಹಲವು ಹಾರ್ಮೋನುಗಳಿಗೂ ಪಿತ್ತಕ್ಕೂ ಅದು ಬೇಕೇ ಬೇಕು. ಅಸೆಟಿಕ್ ಆಮ್ಲದಂಥ ಸಣ್ಣ ತುಣುಕುಗಳನ್ನು ಮೂವತ್ತರಷ್ಟು ಮೆಟ್ಟಿಲುಗಳಲ್ಲಿ ಜೋಡಿಸಿ ದೇಹ ಅದನ್ನು ಕಟ್ಟುವ ಬಗೆಯನ್ನು ಬಿಡಿಸಿದ ಕಾನ್ರಾಡ್ ಬ್ಲಾಕ್ ಮತ್ತು ಫಿಯೊಡೋರ್ ಲೈನೆನ್ ಅವರಿಗೆ 1964ರಲ್ಲಿ ನೊಬೆಲ್ ಪಾರಿತೋಷಕ ಬಂತು. ಆಮೇಲೆ 1970ರ ದಶಕದಲ್ಲಿ ಡಲ್ಲಾಸಿನ ಮೈಕೆಲ್ ಬ್ರೌನ್ ಮತ್ತು ಜೋಸೆಫ್ ಗೋಲ್ಡ್‌ಸ್ಟೈನ್, ಹುಟ್ಟಿನಿಂದಲೇ ಕೊಲೆಸ್ಟರಾಲ್ ವಿಪರೀತವಿದ್ದು ಎಳೆವಯಸ್ಸಿನಲ್ಲೇ ಹೃದಯಾಘಾತಕ್ಕೀಡಾಗುವ ಮಕ್ಕಳ ಜೀವಕೋಶಗಳನ್ನು ಪರೀಕ್ಷಿಸಿದರು. ಆರೋಗ್ಯವಂತರ ಯಕೃತ್ತಿನ ಜೀವಕೋಶದ ಮೈಮೇಲೆ ಎಲ್.ಡಿ.ಎಲ್. ಕಣಗಳನ್ನು ಹಿಡಿದು ಒಳಗೆಳೆಯುವ ಕೊಂಡಿಗಳಂಥವು ಇರುತ್ತವೆ. ತಂದೆತಾಯಿಗಳಲ್ಲಿ ಒಬ್ಬರಿಂದ ಕೆಟ್ಟ ಗುಣಾಣು ಬಂದರೆ ಅಂಥ ಕೊಂಡಿಗಳು ಅರ್ಧದಷ್ಟು ಕಡಿಮೆ. ಇಬ್ಬರಿಂದಲೂ ಬಂದರೆ ಇಲ್ಲವೆಂದೇ ಹೇಳಬೇಕು. ಹಿಡಿಯುವ ಕೊಂಡಿಯಿಲ್ಲದ ಕಣಗಳು ರಕ್ತದಲ್ಲಿ ಸುತ್ತುತ್ತಾ ಧಮನಿಯ ಗೋಡೆಯೊಳಗೆ ನುಸುಳಿ ಕೂಡುತ್ತವೆ. 1985ರಲ್ಲಿ ಇವರಿಗೂ ನೊಬೆಲ್ ಬಂತು. ಪರ್ಯಾಪ್ತ ಕೊಬ್ಬು ಮಾಡುವ ಕೇಡೂ ಇದೇ ತಾನಂತೆ: ಅದು ಈ ಕೊಂಡಿಗಳನ್ನು ತಗ್ಗಿಸುತ್ತದೆ. ಪಥ್ಯದಿಂದ ಸಾಮಾನ್ಯವಾಗಿ ಎಲ್.ಡಿ.ಎಲ್. ಶೇಕಡ ಹತ್ತು-ಹದಿನೈದು ಇಳಿಯುತ್ತದೆ. ನಮ್ಮದು ಇಳಿದದ್ದು ಸುಮಾರು ಹನ್ನೊಂದು. ನಾಲಿಗೆಯ ದೋಷವೆಂದು ನಾಚಿದ್ದು ವ್ಯರ್ಥ!

ಇನ್ನು ಔಷಧದ ಚರಿತ್ರೆ. ಅದು ಅನಾಹುತದಿಂದ ಆರಂಭವಾಯಿತೆನ್ನದೆ ವಿಧಿಯಿಲ್ಲ. 1960ರಲ್ಲಿ ಅಮೆರಿಕದ ಮಾರುಕಟ್ಟೆಗೆ ಬಂದ ಟ್ರೈಪ್ಯಾರನಾಲ್ ಎಂಬ ಮಾತ್ರೆ ಕೊಲೆಸ್ಟರಾಲ್ ತಯಾರಿಯನ್ನು ಕೊನೆಯ ಮೆಟ್ಟಿಲಲ್ಲಿ ತಡೆಯುತ್ತಿತ್ತು. ಅರ್ಧ ತಯಾರಾದ ವಸ್ತು ಮೈಯಲ್ಲಿ ಶೇಖರವಾಗಿ ಎಷ್ಟೋ ಜನರಿಗೆ ಕಣ್ಣಿನ ಪೊರೆ ಬಂತು, ಕೂದಲು ಉದುರಿತು. ಪ್ರಾಣಿಗಳಲ್ಲಿ ಕಂಡ ದುಷ್ಪರಿಣಾಮಗಳನ್ನು ತಯಾರಕರು ಮುಚ್ಚಿಟ್ಟದ್ದು ಬಯಲಾಗಿ 1962ರಲ್ಲಿ ಅದನ್ನು ಹಿಂತೆಗೆದುಕೊಂಡರು. ಗಾಡಿಯ ನಮ್ಮ ಸಹಪ್ರಯಾಣಿಕರ ಸಂಶಯ ತೀರ ಬುಡವಿಲ್ಲದ್ದೇನಲ್ಲ. ಅದಕ್ಕೂ ಒಂದು ಇತಿಹಾಸವಿದೆ.

ಸುರಕ್ಷಿತ ದಾರಿ ತೋರಿದವನು ಜಪಾನಿನ ಅಕೀರಾ ಎಂಡೋ. 1933ರಲ್ಲಿ ಉತ್ತರ ಜಪಾನಿನ ಅಕಿತಾ ಪ್ರಾಂತದ ರೈತ ಕುಟುಂಬದಲ್ಲಿ ಹುಟ್ಟಿದವನು. ಬೂಷ್ಟಿನಿಂದ ಪೆನಿಸಿಲಿನ್ ತೆಗೆದ ಅಲೆಕ್ಸಾಂಡರ್ ಫ್ಲೆಮಿಂಗನ ಕಥೆ ಓದಿ ಬೆಳೆದವನು. ಟೋಕಿಯೋದ ಔಷಧ ಕಂಪನಿಯೊಂದರಲ್ಲಿ ಕೆಲಸಕ್ಕಿದ್ದ ಎಂಡೋನ ತರ್ಕ ಸರಳವಾಗಿತ್ತು: ಬೂಷ್ಟುಗಳು ತಮ್ಮ ಶತ್ರುಗಳಾದ ಸೂಕ್ಷ್ಮಜೀವಿಗಳನ್ನು ಕೊಲ್ಲಲು, ಅವುಗಳಿಗೆ ಬೇಕಾದ ಕೊಲೆಸ್ಟರಾಲಿನಂಥ ವಸ್ತುಗಳ ತಯಾರಿಯನ್ನೇ ಕೆಡಿಸುವ ವಿಷವೊಂದನ್ನು ಏಕೆ ಮಾಡಿರಬಾರದು? 1971ರಿಂದ ಎರಡು ವರ್ಷ ಅವನೂ ಅವನ ಕೆಲವೇ ಸಂಗಡಿಗರೂ ಆರು ಸಾವಿರಕ್ಕೂ ಹೆಚ್ಚು ಬಗೆಯ ಬೂಷ್ಟುಗಳನ್ನು ಬೆಳೆಸಿ ಒಂದೊಂದರ ರಸವನ್ನೂ ಪರೀಕ್ಷಿಸಿದರು. ಕೊನೆಗೆ ಸಿಕ್ಕಿದ್ದು ಕ್ಯೋಟೋ ನಗರದ ಧಾನ್ಯದ ಅಂಗಡಿಯೊಂದರ ಅಕ್ಕಿಯಲ್ಲಿದ್ದ ನೀಲಿ-ಹಸಿರು ಬೂಷ್ಟು, ಪೆನಿಸಿಲಿಯಂ ಸಿಟ್ರಿನಮ್. ಅದರ ರಸ ಕೊಲೆಸ್ಟರಾಲ್ ತಯಾರಿಯನ್ನು ಆರಂಭದ ಒಂದು ಮೆಟ್ಟಿಲಿನಲ್ಲೇ ತಡೆಯುತ್ತಿತ್ತು. ಆದ್ದರಿಂದ ಅರ್ಧ ತಯಾರಾದ ವಿಷವಸ್ತು ಶೇಖರವಾಗುವ ಭಯವಿರಲಿಲ್ಲ. ತಯಾರಿಕೆ ತಗ್ಗಿದೊಡನೆ ಯಕೃತ್ತು ತನಗೆ ಬೇಕಾದದ್ದನ್ನು ರಕ್ತದಿಂದ ಎಳೆದುಕೊಳ್ಳಲು ಹೆಚ್ಚು ಕೊಂಡಿಗಳನ್ನು ಬೆಳೆಸುತ್ತದೆಂಬುದು ಆಮೇಲೆ ತಿಳಿದ ಮಾತು.

ಆದರೆ ಇಲಿಗಳಿಗೆ ಕೊಟ್ಟಾಗ ಈ ರಸದಿಂದ ಏನೂ ಆಗಲಿಲ್ಲ. ಅನಿಚ್ಕೋವನ ಕೆಲಸಕ್ಕೆ ಮುಳುವಾದ ಅದೇ ಇಲಿ! ಕಂಪನಿ ಕೆಲಸ ನಿಲ್ಲಿಸುವುದರಲ್ಲಿತ್ತು. ಆಗ ಎಂಡೋ, ಪಕ್ಕದ ವಿಭಾಗದಲ್ಲಿ ಕಿತಾನೋ ಎಂಬ ಮಿತ್ರ ಪ್ರಯೋಗಕ್ಕಾಗಿ ಸಾಕಿದ್ದ ಮೊಟ್ಟೆಯಿಡುವ ಕೋಳಿಗಳನ್ನು ಕೇಳಿ ಪಡೆದ. ಮೊಟ್ಟೆಯಲ್ಲಿ ಕೊಲೆಸ್ಟರಾಲ್ ತುಂಬಿರುವಾಗ ಕೋಳಿಯ ರಕ್ತದಲ್ಲೂ ಅದು ಹೇರಳವಾಗಿರಬೇಕಲ್ಲವೆ ಎಂಬುದು ಅವನ ಊಹೆ. 1976ರಲ್ಲಿ ಕೋಳಿಗಳ ಕೊಲೆಸ್ಟರಾಲ್ ಹೆಚ್ಚುಕಡಿಮೆ ಅರ್ಧಕ್ಕಿಳಿಯಿತು. 1978ರಲ್ಲಿ ಒಸಾಕಾದ ವೈದ್ಯ ಯಾಮಾಮೋಟೋ, ತಂದೆತಾಯಿ ಇಬ್ಬರಿಂದಲೂ ರೋಗ ಪಡೆದಿದ್ದ ಹದಿಹರೆಯದ ಹುಡುಗಿಯೊಬ್ಬಳಿಗೆ ಈ ಔಷಧ ಕೊಟ್ಟರು. ಅಂಕಿ ಇಳಿಯಿತು, ಆದರೆ ಸ್ನಾಯುಗಳು ಸೋತವು. ಪ್ರಮಾಣ ತಗ್ಗಿಸಿ ಬೇರೆ ರೋಗಿಗಳಿಗೆ ಕೊಟ್ಟಾಗ ತೊಂದರೆಯಿಲ್ಲದೆ ಗುಣ ಕಂಡಿತು. ಅಷ್ಟರಲ್ಲಿ, ಬಹಳ ದೊಡ್ಡ ಪ್ರಮಾಣ ಕೊಟ್ಟ ನಾಯಿಗಳಲ್ಲಿ ಗಡ್ಡೆಗಳೆಂಬ ಶಂಕೆ ಹುಟ್ಟಿ 1980ರಲ್ಲಿ ಕಂಪನಿ ಎಲ್ಲವನ್ನೂ ನಿಲ್ಲಿಸಿತು. ಎಂಡೋ ಅಷ್ಟರಲ್ಲಿ ಅಲ್ಲಿಂದ ಹೊರಟು ವಿಶ್ವವಿದ್ಯಾಲಯ ಸೇರಿದ್ದ. ಅಮೆರಿಕದ ಕಂಪನಿಯೊಂದು ಬೇರೊಂದು ಬೂಷ್ಟಿನಿಂದ ತೆಗೆದಿದ್ದ ಲೊವಾಸ್ಟಾಟಿನ್ ಕೂಡ ಅದೇ ಭಯದಿಂದ ಕೆಲಕಾಲ ನಿಂತು, ಶಂಕೆ ನಿವಾರಣೆಯಾದ ಮೇಲೆ 1987ರಲ್ಲಿ ಮೊದಲ ಸ್ಟಾಟಿನ್ ಮಾತ್ರೆಯಾಗಿ ಮಾರುಕಟ್ಟೆಗೆ ಬಂತು.

ಅಂಕಿ ಇಳಿಯಿತು ಸರಿ, ಆಯುಷ್ಯ ಏರಿತೆ? ಈ ಪ್ರಶ್ನೆಗೆ ಉತ್ತರ ಬಂದದ್ದು 1994ರಲ್ಲಿ, ಉತ್ತರ ಯುರೋಪಿನ ದೇಶಗಳಿಂದ. ಆಗಲೇ ಹೃದ್ರೋಗವಿದ್ದ 4444 ಜನರಲ್ಲಿ ಅರ್ಧ ಮಂದಿಗೆ ಸಿಂವಾಸ್ಟಾಟಿನ್, ಅರ್ಧ ಮಂದಿಗೆ ಹುಸಿಮಾತ್ರೆ ಕೊಟ್ಟು ಐದು ವರ್ಷಕ್ಕೂ ಮೀರಿ ನೋಡಿದರು. ಹುಸಿಮಾತ್ರೆಯವರಲ್ಲಿ 256 ಜನ ಸತ್ತಿದ್ದರು, ಔಷಧದವರಲ್ಲಿ 182. ಎಪ್ಪತ್ತನಾಲ್ಕು ಜೀವಗಳ ಅಂತರ. ಗ್ರಂಥಾಲಯದಲ್ಲಿ ಈ ಸಾಲನ್ನು ಓದಿದ ಸಂಜೆ ನಾವು ಬಹಳ ಹೊತ್ತು ಪುಟ ತಿರುವಲಿಲ್ಲ. ತಂದೆಯವರು ತೀರಿಕೊಂಡದ್ದು ಅದಾದ ಮೂರು ವರ್ಷಗಳ ಬಳಿಕ. ಹೊರಗೆ ಔಷಧವಿತ್ತು, ನಮ್ಮ ಹಳ್ಳಿಯಲ್ಲಿ ರಕ್ತ ಪರೀಕ್ಷಿಸುವವರೂ ಇರಲಿಲ್ಲ, ಪರೀಕ್ಷಿಸಿಕೊಳ್ಳಬೇಕೆಂಬ ಯೋಚನೆಯೂ ಯಾರಿಗೂ ಇರಲಿಲ್ಲ.

ಸ್ಟಾಟಿನ್‌ಗಳಿಂದ ತೊಂದರೆಯೇ ಇಲ್ಲವೆಂದಲ್ಲ. ಕೆಲವರಿಗೆ ಸ್ನಾಯು ನೋಯುತ್ತದೆ. ಸಕ್ಕರೆ ಕಾಯಿಲೆಯ ಅಂಚಿನಲ್ಲಿರುವ ಕೆಲವರು ಅತ್ತ ಜಾರುತ್ತಾರೆ. ಯಕೃತ್ತಿಗೆ ಗಂಭೀರ ಹಾನಿ ಅಪರೂಪ. ಇವೆಲ್ಲ ವೈದ್ಯರೊಡನೆ ಆಡಬೇಕಾದ ಮಾತುಗಳು, ಗಾಡಿಯ ಬಾಗಿಲಲ್ಲಿ ಆಡುವಂಥವಲ್ಲ. ಈ ಮಾತ್ರೆಗಳು ಸಾಲದವರಿಗೆ 2015ರಿಂದ ಚುಚ್ಚುಮದ್ದುಗಳೂ ಬಂದಿವೆ; ದುಬಾರಿ. ಭಾರತದ ಹೃದ್ರೋಗ ತಜ್ಞರ ಸಂಘ 2024ರಲ್ಲಿ ನಮ್ಮ ದೇಶಕ್ಕೆಂದೇ ಮೊದಲ ಸಲ ಮಾರ್ಗಸೂಚಿ ಹೊರಡಿಸಿದೆ. ಸಾಮಾನ್ಯರಿಗೆ ಎಲ್.ಡಿ.ಎಲ್. 100ರ ಒಳಗೆ, ಅಪಾಯ ಹೆಚ್ಚಿದ್ದವರಿಗೆ 70ರ ಒಳಗೆ, ಆಗಲೇ ಹೃದಯಾಘಾತವಾದಂಥವರಿಗೆ 55ರ ಒಳಗೆ ಎಂಬುದು ಅದರ ಸಾರ. ಅದೇ ವರ್ಷದ ಜೂನ್‌ನಲ್ಲಿ ಎಂಡೋ ತೊಂಬತ್ತನೆಯ ವಯಸ್ಸಿನಲ್ಲಿ ತೀರಿಕೊಂಡ. ಜಗತ್ತಿನಾದ್ಯಂತ ಕೋಟ್ಯಂತರ ಜನ ಅವನ ಬೂಷ್ಟಿನ ಸಂತತಿಯನ್ನು ರಾತ್ರಿ ಮಲಗುವ ಮುನ್ನ ನುಂಗುತ್ತಿದ್ದಾರೆ. ನೊಬೆಲ್ ಮಾತ್ರ ಅವನಿಗೆ ಬರಲಿಲ್ಲ.

ನಾವು ವೈದ್ಯೆಯ ಬಳಿ ಮರಳಿ ಹೋಗಿ ಆದದ್ದನ್ನು ಒಪ್ಪಿಕೊಂಡೆವು. ಅವರು ಗದರಲಿಲ್ಲ, ಮಾತ್ರೆಯನ್ನು ಮತ್ತೆ ಬರೆದರು, ಯಕೃತ್ತಿನ ಪರೀಕ್ಷೆಯನ್ನೂ ಮಾಡಿಸಿದರು. ಅದು ಸರಿಯಾಗಿಯೇ ಇತ್ತು. ಈಗ ಎಲ್.ಡಿ.ಎಲ್. 92ರಲ್ಲಿದೆ. ಪಥ್ಯವನ್ನು ಬಿಟ್ಟಿಲ್ಲ. ರಾತ್ರಿ ನೀರಿಗೆ ಇಸಬಗೋಲು ಹಾಕಿ ಕುಡಿಯುತ್ತೇವೆ. ಅದರ ಲೋಳೆ ಕರುಳಿನಲ್ಲಿ ಪಿತ್ತವನ್ನು ಹಿಡಿದು ಹೊರಗೊಯ್ಯುತ್ತದೆ. ಹೊಸ ಪಿತ್ತ ಮಾಡಲು ಯಕೃತ್ತು ರಕ್ತದ ಕೊಲೆಸ್ಟರಾಲನ್ನೇ ಬಳಸಬೇಕಾಗುತ್ತದೆ. ಷೆವ್ರಲ್ ಇಟ್ಟ ಗಟ್ಟಿಪಿತ್ತವೆಂಬ ಹೆಸರು ಹೀಗೆ ಇನ್ನೂರು ವರ್ಷಗಳ ಮೇಲೆ ನಮ್ಮ ಲೋಟದಲ್ಲಿ ಸಾರ್ಥಕವಾಗಿದೆ. ಈ ಯುಗಾದಿಗೆ ಹೋಳಿಗೆಯ ಮೇಲೆ ಒಂದು ಚಮಚೆ ತುಪ್ಪ ಹಾಕಿಸಿಕೊಂಡು ಬೋಂಡವನ್ನು ಬಿಟ್ಟೆವು.

ವೈದ್ಯೆ ಇನ್ನೊಂದು ಮಾತನ್ನೂ ಹೇಳಿದ್ದರು: ತಂದೆ ಅಷ್ಟು ಬೇಗ ಹೋಗಿದ್ದಾರೆ, ಮಗನಿಗೆ ಹೀಗಿದೆ ಎಂದಮೇಲೆ ಒಡಹುಟ್ಟಿದವರೂ ಒಮ್ಮೆ ಪರೀಕ್ಷಿಸಿಕೊಳ್ಳಬೇಕು. ನಮ್ಮ ತಮ್ಮ ಡೊಂಬಿವಲಿಯಲ್ಲಿದ್ದಾನೆ. ನಲವತ್ತೊಂದು ವರ್ಷ, ತೆಳ್ಳಗಿನ ಮೈ, ಯಾವ ಚಟವೂ ಇಲ್ಲ. ನೋಡಲು ಥೇಟ್ ತಂದೆಯವರಂತೆ. ಈ ಕಥೆಯನ್ನೆಲ್ಲ ಅವನಿಗೆ ಮೊಲ, ಇಲಿ, ಕೋಳಿ ಸಮೇತ ಹೇಳಿದೆವು. ಆಸಕ್ತಿಯಿಂದ ಕೇಳಿ ನಕ್ಕ. "ಅಣ್ಣಾ, ನನಗೆ ಏನಾಗಿದೆ ಹೇಳು. ದಿನಾ ಸ್ಟೇಷನ್ನಿನ ಸೇತುವೆ ಎರಡು ಸಲ ಹತ್ತಿ ಇಳೀತೇನೆ" ಎಂದ. ಬರುವ ಎರಡನೆಯ ಶನಿವಾರ ನಮ್ಮ ಕಚೇರಿಗೆ ರಜೆ. ಬೆಳಿಗ್ಗೆಯೇ ಡೊಂಬಿವಲಿಗೆ ಹೋಗಿ ಅವನನ್ನು ಕರೆದೊಯ್ಯುವುದೆಂದು ನಿಶ್ಚಯಿಸಿದ್ದೇವೆ. ಅವನಿಗೆ ಇನ್ನೂ ತಿಳಿಸಿಲ್ಲ.